ಮಾವ್‌ಮ್ಲುಹ್ ಗವಿಯೊಳಗೆ ಅರ್ಧ ದಿನ: ಸೊಹ್ರಾದ ಸ್ಥಳೀಯ ಮಾರ್ಗದರ್ಶಕರ ಸೇವೆ ಹೇಗಿದೆ?

ಮೇಘಾಲಯಕ್ಕೆ ಹೋದ ನಮ್ಮ ಕಡೆಯವರು ಸಾಮಾನ್ಯವಾಗಿ ನೋಡಿ ಬರುವುದು ಸೊಹ್ರಾ, ಅಂದರೆ ಚಿರಾಪುಂಜಿಯ ಬಳಿಯ ಮಾವ್‌ಸ್ಮಾಯ್ ಗವಿಯನ್ನು. ಅಲ್ಲಿ ವಿದ್ಯುದ್ದೀಪಗಳಿವೆ, ಟಿಕೆಟ್ ಪಡೆದು ಒಳಹೊಕ್ಕರೆ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬರಬಹುದು. ಅದೇ ಸೊಹ್ರಾದ ಆಸುಪಾಸಿನಲ್ಲಿರುವ ಕ್ರೆಮ್ ಮಾವ್‌ಮ್ಲುಹ್ ಬೇರೆಯದೇ ಬಗೆಯದು. ಖಾಸಿ ಭಾಷೆಯಲ್ಲಿ ಕ್ರೆಮ್ ಎಂದರೆ ಗವಿ. ಸುಮಾರು 7 ಕಿಲೋಮೀಟರ್ ಉದ್ದದ ಈ ಸುಣ್ಣಕಲ್ಲಿನ ಗವಿಯಲ್ಲಿ ನಾವು ನಡೆದ ದಾರಿಯುದ್ದಕ್ಕೂ ದೀಪವಿರಲಿಲ್ಲ, ಮೆಟ್ಟಿಲಿರಲಿಲ್ಲ. ಕೆಲವೆಡೆ ಸೊಂಟದವರೆಗೆ ನೀರು, ಕೆಲವೆಡೆ ಹೊಟ್ಟೆಯ ಮೇಲೆ ತೆವಳಬೇಕಾದ ಸಂದಿ. ಜನವರಿಯಲ್ಲಿ ನಾವು ನಾಲ್ವರು ಅಲ್ಲಿನ ಇಬ್ಬರು ಯುವಕರ ನೆರವಿನಿಂದ ಇದರೊಳಗೆ ಅರ್ಧ ದಿನ ಕಳೆದೆವು. ಅವರ ಸೇವೆಯ ಬಗ್ಗೆ, ಹೋಗಬೇಕೆನ್ನುವವರಿಗಾಗಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಶಿಲ್ಲಾಂಗಿನಲ್ಲಿ ನಾವು ಮೊದಲು ವಿಚಾರಿಸಿದ ಏಜೆಂಟರೊಬ್ಬರು ವರ್ಷದ ಯಾವ ತಿಂಗಳಲ್ಲಾದರೂ ಹೋಗಬಹುದು ಎಂದರು. ಆ ಮಾತು ಕೇಳಿಯೇ ನಾವು ಅವರನ್ನು ಬಿಟ್ಟೆವು. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಒಂದೇ ವರ್ಷದಲ್ಲಿ 26 ಮೀಟರಿಗೂ ಹೆಚ್ಚು ಮಳೆ ಸುರಿದ ಸೊಹ್ರಾದಲ್ಲಿ, ನೆಲದ ಮೇಲೆ ಬಿದ್ದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಗವಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ ಎಂಬುದನ್ನು ಮರೆತವರ ಹಿಂದೆ ಕತ್ತಲಿಗೆ ಇಳಿಯಬಾರದು. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಗೆ ಹೋದ 12 ಬಾಲಕರು ಮತ್ತು ಅವರ ತರಬೇತುದಾರ ಸಿಕ್ಕಿಹಾಕಿಕೊಂಡದ್ದು ಹೀಗೆಯೇ. ಅವರ ಹಿಂದೆ ಮಳೆನೀರು ಏರಿ ದಾರಿ ಮುಚ್ಚಿಹೋಗಿತ್ತು.

ಸೊಹ್ರಾದ ನಮ್ಮ ಮಾರ್ಗದರ್ಶಕನಾದರೋ ಹಣದ ಮಾತಿಗೆ ಮುಂಚೆ ನಮ್ಮನ್ನೇ ವಿಚಾರಿಸಿದ. ಈಜು ಬರುತ್ತದೆಯೇ, ಉಬ್ಬಸವಿದೆಯೇ, ಮೊಣಕಾಲು ನೋವಿದೆಯೇ, ಇಕ್ಕಟ್ಟಾದ ಜಾಗದಲ್ಲಿ ಗಾಬರಿಯಾಗುತ್ತದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದ. ಒಳಹೊಕ್ಕು ಸ್ವಲ್ಪ ದೂರ ನಡೆದ ಮೇಲೆ ಟಾರ್ಚನ್ನು ಮೇಲಕ್ಕೆ ತಿರುಗಿಸಿ ಒಂದು ಸಂದಿಯನ್ನು ತೋರಿಸಿದ. ನನ್ನ ತಲೆಗಿಂತ ಎರಡು ಮೊಳ ಎತ್ತರದಲ್ಲಿ ಒಣಗಿದ ಬಿದಿರಿನ ಕಡ್ಡಿಗಳೂ ಕೊಳೆತ ಎಲೆಗಳೂ ಒತ್ತಾಗಿ ಸಿಕ್ಕಿಕೊಂಡಿದ್ದವು. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಬರುತ್ತದೆ ಎಂದ. ನಾನೊಬ್ಬನೇ ಹೋಗಿದ್ದರೆ ಆ ಕಸವನ್ನು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಸ್ಥಳೀಯರ ಜೊತೆಗೇ ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಈ ಗವಿಗೆ ಲೋಕಪ್ರಸಿದ್ಧಿ ಬಂದದ್ದು ಇಲ್ಲಿನ ಒಂದು ಸ್ಟಾಲಗ್ಮೈಟಿನಿಂದ, ಅಂದರೆ ತೊಟ್ಟಿಕ್ಕುವ ನೀರಿನ ಸುಣ್ಣದಿಂದ ನೆಲದಿಂದ ಮೇಲಕ್ಕೆ ಬೆಳೆದ ಕಂಬದಿಂದ. ಅದರ ಪದರಗಳಲ್ಲಿನ ಆಮ್ಲಜನಕದ ಐಸೋಟೋಪುಗಳನ್ನು, ಅಂದರೆ ತೂಕದಲ್ಲಿ ಬೇರೆಬೇರೆಯಾದ ಆಮ್ಲಜನಕದ ಪರಮಾಣುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ದುರ್ಬಲಗೊಂಡದ್ದರ ಗುರುತನ್ನು ಕಂಡರು. ಅಲ್ಲಿಂದ ಇಂದಿನವರೆಗಿನ ಭೂವೈಜ್ಞಾನಿಕ ಕಾಲಘಟ್ಟಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರು ಅಧಿಕೃತವಾಯಿತು. ಇಷ್ಟು ಹಿರಿದಾದ ಸಂಗತಿಯನ್ನು ಹೊತ್ತ ಕಲ್ಲುಗಳನ್ನು ಸಂದರ್ಶಕರು ಕೈಯಿಂದ ಸವರುವುದನ್ನು ನೋಡಲಾಗದು. ಬೆರಳಿನ ಜಿಡ್ಡು ತಗುಲಿದ ಕಡೆ ಸುಣ್ಣ ಕೂರುವುದು ಕುಂಠಿತವಾಗುತ್ತದೆ. ನಮ್ಮಲ್ಲೊಬ್ಬರು ಕೈ ಚಾಚಿದಾಗ ಮಾರ್ಗದರ್ಶಕ ಗದರದೆ, ಆದರೆ ಖಚಿತವಾಗಿ ತಡೆದದ್ದು ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇವೆ. ನನಗೆ ಕೊಟ್ಟ ಹೆಲ್ಮೆಟ್ಟಿನ ಗದ್ದದ ಪಟ್ಟಿಯ ಬಕಲ್ ಮುರಿದಿತ್ತು. ಕೇಳಿದ ಮೇಲೆ ಬದಲಾಯಿಸಿಕೊಟ್ಟರು. ತಲೆಗೆ ಕಟ್ಟುವ ದೀಪ ಒಬ್ಬರಿಗೆ ಒಂದೇ. ಗವಿಗೆ ಇಳಿಯುವ ಪ್ರತಿಯೊಬ್ಬರ ಬಳಿಯೂ ಮೂರು ಬೆಳಕಿನ ಮೂಲಗಳಿರಬೇಕು ಎಂಬುದು ಅನುಭವಿಗಳ ಬಹು ಹಳೆಯ ನಿಯಮ. ತೆವಳುವ ಸಂದಿಯಲ್ಲಿ ಒಬ್ಬರ ದೀಪ ಆರಿಯೇ ಹೋಯಿತು. ಮಾರ್ಗದರ್ಶಕನ ಚೀಲದಲ್ಲಿ ಇನ್ನೊಂದಿದ್ದುದರಿಂದ ತೊಂದರೆಯಾಗಲಿಲ್ಲ, ಆದರೆ ಆ ಅರೆ ನಿಮಿಷದ ಕತ್ತಲು ಈಗಲೂ ನೆನಪಾಗುತ್ತದೆ. ಎಷ್ಟು ಗಂಟೆಗೆ ಹೊರಬರುತ್ತೇವೆಂದು ಹೊರಗಿನವರಿಗೆ ತಿಳಿಸಿಡುವ ಪದ್ಧತಿಯೂ ಅವರಲ್ಲಿರಲಿಲ್ಲ. ನಾವೇ ಹೋಮ್‌ಸ್ಟೇಯ ಯಜಮಾನಿಗೆ, ನಾಲ್ಕು ಗಂಟೆಗೆ ಮರಳದಿದ್ದರೆ ಊರವರಿಗೆ ತಿಳಿಸಿ ಎಂದು ಚೀಟಿ ಬರೆದುಕೊಟ್ಟು ಹೋದೆವು. ಬಟ್ಟೆಯ ವಿಷಯವನ್ನೂ ಅವರು ಮುಂಚಿತವಾಗಿ ಹೇಳಬೇಕಿತ್ತು. ಜೀನ್ಸ್ ತೊಟ್ಟು ಬಂದ ನಮ್ಮ ಗೆಳೆಯ ಒದ್ದೆಯಾದ ಮೇಲೆ ಕೊನೆಯವರೆಗೂ ನಡುಗುತ್ತಲೇ ಇದ್ದ. ಬೇಗ ಒಣಗುವ ಸಿಂಥೆಟಿಕ್ ಬಟ್ಟೆ, ಹಿಡಿತವಿರುವ ಬೂಟು, ಬದಲಿಸಲು ಒಂದು ಜೊತೆ ಒಣ ಬಟ್ಟೆ ಇರಲೇಬೇಕು.

ಇಲ್ಲಿನ ಗವಿಶೋಧಕರ ಪರಿಚಯ ಬೇಕೆನ್ನುವವರು ಶಿಲ್ಲಾಂಗಿನ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ ಅನ್ನು ಸಂಪರ್ಕಿಸುವುದು ಒಳ್ಳೆಯದು. 1990ರಲ್ಲಿ ಆರಂಭವಾದ ಈ ಸಂಸ್ಥೆ 1992ರಿಂದ ವಿದೇಶಿ ಶೋಧಕರೊಡನೆ ಸೇರಿ ರಾಜ್ಯದ ಗವಿಗಳನ್ನು ಅಳೆದು ನಕ್ಷೆ ಮಾಡುತ್ತ ಬಂದಿದೆ. ಇನ್ನೊಂದು ಮಾತು: ಖಾಸಿ ಬೆಟ್ಟಗಳಲ್ಲಿ ಹೆಚ್ಚಿನ ನೆಲ ಸರ್ಕಾರದ್ದಲ್ಲ, ಕುಲ ಮತ್ತು ಊರುಗಳದ್ದು. ಆದುದರಿಂದ ಪ್ರವಾಸಿಗರು ಹೋಗದ ಗವಿಗಳಿಗೆ ಇಳಿಯುವ ಮುನ್ನ ರಂಗ್‌ಬಾಹ್ ಶ್ನೊಂಗ್, ಎಂದರೆ ಊರ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ಈ ಕೆಲಸವನ್ನು ಊರಿನವರೇ ಮಾಡಿದರೆ ಚೆನ್ನ.

ಗವಿಯಿಂದ ಹೊರಬಂದು ಬಂಡೆಯ ಮೇಲೆ ಕುಳಿತಾಗ ನಮ್ಮ ಮಾರ್ಗದರ್ಶಕ ‘ಕ್ವಾಯ್’ ಕೊಟ್ಟ: ವೀಳ್ಯದೆಲೆ, ಸುಣ್ಣ, ಹಸಿ ಅಡಿಕೆ. ಸಾಗರದ ಕಡೆಯವನಾದ ನನಗೆ ನಾಲಿಗೆಗೆ ಇಟ್ಟೊಡನೆ ಮನೆಯ ಜಗಲಿ ನೆನಪಾಯಿತು. ಅದನ್ನು ಹೇಳಿದಾಗ ಅವನು ನನ್ನನ್ನು ‘ಬಾಹ್’ ಎಂದು ಕರೆಯತೊಡಗಿದ, ನಾವು ‘ಅಣ್ಣ’ ಎನ್ನುವ ಹಾಗೆ. ಆ ಸಲಿಗೆಯಿಂದಲೇ, ಹಗ್ಗದಲ್ಲಿ ಇಳಿಯಬೇಕಾದ ಜೈಂತಿಯಾ ಬೆಟ್ಟದ ಆಳ ಗವಿಗಳಿಗೆ ಕರೆದೊಯ್ಯುವೆಯಾ ಎಂದು ಕೇಳಿದೆ. ಹಗ್ಗದಲ್ಲಿ ಇಳಿಯುವುದು ಮಾತ್ರವಲ್ಲ, ಯಾರ ಸಹಾಯವೂ ಇಲ್ಲದೆ ಮೇಲೇರುವುದನ್ನೂ ಊರಿನಲ್ಲೇ ಕಲಿತು ಬನ್ನಿ, ಆಮೇಲೆ ನೋಡೋಣ ಎಂದು ಆ ಕೆಲಸವನ್ನೇ ನಿರಾಕರಿಸಿದ. ಬರುವ ಸಂಪಾದನೆಯನ್ನು ಬಿಟ್ಟು ಹೀಗೆ ಹೇಳುವವನ ಕೈಗೆ ನನ್ನ ಮನೆಯವರನ್ನೂ ಒಪ್ಪಿಸಬಲ್ಲೆ. ನಾವು ರಾಮನಗರದ ಬಂಡೆಗಳಲ್ಲಿ ಹಗ್ಗದ ಅಭ್ಯಾಸ ಆರಂಭಿಸಿದ್ದೇವೆ. ನೀವು ಹೋಗುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ, ಫೋನಿನಲ್ಲಿ ಮಾತನಾಡುವಾಗಲೇ ಹೆಚ್ಚುವರಿ ದೀಪಗಳನ್ನು ಕೇಳಿ.