ಫ್ರೀ ಸ್ಕೋರ್ ಅಂತ ಓಟಿಪಿ ಹಾಕಿದೆ, ಫೋನ್ ಹೋಗಿದ್ದು ಮಾವನವರಿಗೆ

ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ‘2 ನಿಮಿಷದಲ್ಲಿ ಉಚಿತ ಕ್ರೆಡಿಟ್ ಸ್ಕೋರ್’ ಅಂತ ಫೋನಿನಲ್ಲಿ ಬರುವ ಜಾಹೀರಾತನ್ನು ಒತ್ತಬೇಡಿ. ಒತ್ತಿದರೂ ಓಟಿಪಿ ಹಾಕಬೇಡಿ. ನಾನು ಹಾಕಿದೆ. ನನ್ನ ಸಾಲದ ವಿಷಯ ಮನೆಯಲ್ಲಿ ಯಾರಿಗೆ ಗೊತ್ತಾಗಬಾರದಿತ್ತೋ, ಮೂರೇ ದಿನದಲ್ಲಿ ಅವರಿಗೇ ಗೊತ್ತಾಯಿತು.

ನಾವಿರುವುದು ಶಿವಮೊಗ್ಗದಲ್ಲಿ. ನಾನು ಒಂದು ಹೈಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಮೇಲೆ ಎರಡು ರೂಮು ಕಟ್ಟಿಸೋಣ ಅಂತ ಲೋನಿಗೆ ಓಡಾಡುತ್ತಿದ್ದೆವು. ಬ್ಯಾಂಕಿನಲ್ಲಿ ‘ಮೇಡಂ, ಅರ್ಜಿ ಹಾಕೋ ಮುಂಚೆ ನಿಮ್ಮ ಸಿಬಿಲ್ ಒಮ್ಮೆ ನೋಡ್ಕೊಳ್ಳಿ’ ಅಂದರು. ಅಂದರೆ ಕ್ರೆಡಿಟ್ ಸ್ಕೋರ್, ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕಿನವರು ನೋಡುವ ಅಂಕಿ. ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಹುಡುಕಿದೆ. ಮೊದಲು ಬಂದಿದ್ದನ್ನೇ ಒತ್ತಿದೆ. ನಾವೆಲ್ಲ ಯಾವ ಕ್ರೆಡಿಟ್ ಸ್ಕೋರನ್ನೂ ಸಿಬಿಲ್ ಅಂತಲೇ ಹೇಳುವುದು, ಅಲ್ವಾ? ನಾನೂ ಇದು ಅದೇ ಅಂದುಕೊಂಡೆ. ಅದಲ್ಲ. ಅದು ಸಾಲ ಕೊಡಿಸುವವರ ಆ್ಯಪ್. ಹೆಸರು ಇಲ್ಲಿ ಹಾಕುವುದಿಲ್ಲ. ಇಂಥವು ಬೇಕಾದಷ್ಟಿವೆ.

ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರ್, ಪಿನ್‌ಕೋಡ್, ಮೊಬೈಲ್. ಆಮೇಲೆ ‘ಇದು ನೀವೇ ಎಂದು ಖಚಿತಪಡಿಸಿ’ ಅಂತ ಒಂದು ಪ್ರಶ್ನೆ ಬಂತು. ಕೆಳಗಿನ ಯಾವ ಸಂಸ್ಥೆಯಲ್ಲಿ ನಿಮಗೆ ಚಿನ್ನದ ಸಾಲ ಇದೆ? ನಾಲ್ಕು ಹೆಸರು ಕೊಟ್ಟಿದ್ದರು. ನಾಲ್ಕರಲ್ಲಿ ಒಂದು ಸರಿಯಾಗಿ ನನ್ನದೇ. ಆ ಹೊತ್ತಿಗೆ ನನಗೆ ಏನನ್ನಿಸಿತು ಗೊತ್ತಾ? ಪರವಾಗಿಲ್ಲ, ಎಷ್ಟು ಹುಷಾರಾಗಿ ಚೆಕ್ ಮಾಡುತ್ತಿದ್ದಾರೆ, ಬೇರೆಯವರು ನನ್ನ ಹೆಸರಲ್ಲಿ ನೋಡೋಕೆ ಆಗಲ್ಲ ಅನ್ನಿಸಿತು. ಸಮಾಧಾನವೇ ಆಯಿತು. ಉತ್ತರ ಒತ್ತಿದೆ. ಓಟಿಪಿ ಬಂತು, ಹಾಕಿದೆ. 761 ಅಂತ ಹಸಿರು ಬಣ್ಣದಲ್ಲಿ ಕಾಣಿಸಿತು. ಪೂರ್ತಿ ರಿಪೋರ್ಟ್ ಬೇಕಾದರೆ ದುಡ್ಡು ಕಟ್ಟಿ ಅಂತಿತ್ತು. ಬೇಡ ಅಂತ ಮುಚ್ಚಿ ಮಲಗಿದೆ.

ಈಗ ಯೋಚಿಸಿದರೆ ಮೈ ಉರಿಯುತ್ತದೆ. ಉತ್ತರ ಗೊತ್ತಿಲ್ಲದೆ ಯಾರಾದರೂ ಆ ಪ್ರಶ್ನೆ ಕೇಳೋಕೆ ಆಗುತ್ತಾ? ನಾನು ನಾನೇ ಅಂತ ಖಾತ್ರಿಯಾಗುವ ಮೊದಲೇ ನನ್ನ ಸಾಲದ ವಿಷಯ ಆ ಪರದೆಯ ಮೇಲೆ ಬಂದಿತ್ತು. ನನ್ನ ಪ್ಯಾನ್ ನಂಬರ್ ಗೊತ್ತಿರುವ ಯಾರೋ ಅಲ್ಲಿ ಕೂತಿದ್ದರೂ ಆ ನಾಲ್ಕು ಹೆಸರು ಅವರಿಗೂ ಕಾಣುತ್ತಿತ್ತೇನೋ.

ಮಾರನೇ ದಿನ ಬೆಳಿಗ್ಗೆಯಿಂದ ಫೋನ್ ಶುರು. ಹತ್ತು ಗಂಟೆಯೊಳಗೆ ಆರು. ಲೋನ್ ಬೇಕಾ, ಕಾರ್ಡ್ ಬೇಕಾ. ಲೋನ್ ಫೋನ್ ಯಾರಿಗೆ ಬರಲ್ಲ, ಬಂದು ಹೋಗಲಿ ಅಂತ ಸುಮ್ನೆ ಕಟ್ ಮಾಡಿದೆ. ಮೂರನೇ ದಿನ ಸಂಜೆ ನಾನು ಶಾಲೆಯಿಂದ ಬಂದಾಗ ಮಾವನವರು ಜಗಲಿ ಮೇಲೆ ಕೂತಿದ್ದರು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕನ್ನಡಕ ಹಾಕಿರಲಿಲ್ಲ.

‘ಯಾರೋ ಹುಡುಗ ಫೋನ್ ಮಾಡಿದ್ದನಮ್ಮ. ನಿನ್ನ ಗೋಲ್ಡ್ ಲೋನ್ ಅವರ ಕಡೆ ಹಾಕಿದ್ರೆ ಗ್ರಾಮಿಗೆ ಜಾಸ್ತಿ ಕೊಡ್ತಾರಂತೆ. ಬಳೆ ಅಡ ಇಟ್ಟಿದ್ದೀಯಾ?’

ಅಷ್ಟೇ ಕೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. 2021ರಲ್ಲಿ ನನ್ನ ತಮ್ಮ ಆಸ್ಪತ್ರೆಯಲ್ಲಿದ್ದಾಗ ತವರಿನವರು ಕೊಟ್ಟ ನಾಲ್ಕು ಬಳೆ ಇಟ್ಟು ದುಡ್ಡು ತಂದಿದ್ದೆ. ಪ್ರತಿ ವರ್ಷ ಬಡ್ಡಿ ಕಟ್ಟಿ ರಿನೀವಲ್ ಮಾಡಿಸುತ್ತಿದ್ದೇನೆ. ನಮ್ಮ ಮನೆಯವರಿಗೆ ಗೊತ್ತು. ಮಾವನವರಿಗೆ ಮಾತ್ರ ಹೇಳಿರಲಿಲ್ಲ. ಮನೆ ಹೆಣ್ಣುಮಕ್ಕಳ ಬಂಗಾರ ಅಂಗಡಿಗೆ ಹೋಗಬಾರದು ಅನ್ನುವವರು ಅವರು. ಬಿಡಿಸಿಕೊಂಡು ಬಂದ ಮೇಲೆ ಹೇಳಿದರಾಯಿತು ಅಂತ ನಾವಿಬ್ಬರೂ ಅಂದುಕೊಂಡಿದ್ದೆವು.

ಅವರ ನಂಬರ್ ಹೇಗೆ ಸಿಕ್ಕಿತು ಅಂತ ತಲೆ ಕೆಡಿಸಿಕೊಂಡೆ. ನಾನು ಆ್ಯಪಿನಲ್ಲಿ ಕೊಟ್ಟಿರಲೇ ಇಲ್ಲ. ಆಮೇಲೆ ನಿಜವಾದ ರಿಪೋರ್ಟ್ ತೆಗೆಸಿ ನೋಡಿದಾಗ ಗೊತ್ತಾಯಿತು. 2018ರಲ್ಲಿ ಗಾಡಿ ಲೋನ್ ತೆಗೆದಾಗ ಫಾರಂನಲ್ಲಿ ಎರಡನೇ ನಂಬರ್ ಅಂತ ಅವರದ್ದು ಬರೆದಿದ್ದೆ. ಗಾಡಿ ಸಾಲ ಯಾವಾಗಲೋ ತೀರಿದೆ, ನಂಬರ್ ಅಲ್ಲೇ ಕೂತಿದೆ. ಕ್ರೆಡಿಟ್ ರಿಪೋರ್ಟ್ ಅಂದರೆ ಬರೀ ಒಂದು ಸ್ಕೋರ್ ಅಂತ ತಿಳಿಯಬೇಡಿ. 300ರಿಂದ 900ರೊಳಗಿನ ಆ ಅಂಕಿಯ ಹಿಂದೆ ನಿಮ್ಮ ಹಳೇ ಬಾಡಿಗೆ ಮನೆ ವಿಳಾಸ, ಹಳೇ ನಂಬರು, ಯಾವ ತಿಂಗಳು ಕಂತು ಎಷ್ಟು ದಿನ ತಡವಾಯಿತು, ಯಾರ್‍ಯಾರ ಹತ್ತಿರ ಸಾಲ ಕೇಳಿದ್ದಿರಿ, ಎಲ್ಲವೂ ಇರುತ್ತದೆ.

ಆ ರಾತ್ರಿ ಆ್ಯಪ್ ಮತ್ತೆ ತೆಗೆದು, ಓಟಿಪಿ ಪೆಟ್ಟಿಗೆಯ ಕೆಳಗೆ ಬೂದು ಬಣ್ಣದಲ್ಲಿದ್ದ ಸಣ್ಣ ಅಕ್ಷರವನ್ನು ಬೆರಳಿನಿಂದ ದೊಡ್ಡದು ಮಾಡಿ ಓದಿದೆ. ಇಂಗ್ಲಿಷ್. ಟಿಕ್ ಮೊದಲೇ ಬಿದ್ದಿತ್ತು, ನಾನು ಹಾಕಿದ್ದಲ್ಲ. ನನ್ನ ಪರವಾಗಿ 6 ತಿಂಗಳವರೆಗೆ ಅವರು ಎಷ್ಟು ಸಲ ಬೇಕಾದರೂ ರಿಪೋರ್ಟ್ ತೆಗೆಯಬಹುದು. ಸಾಲ ಕೊಡುವ ಅವರ ಪಾಲುದಾರರಿಗೆ ಕೊಡಬಹುದು. ನನ್ನ ನಂಬರ್ ಡಿಎನ್‌ಡಿಯಲ್ಲಿ, ಅಂದರೆ ಜಾಹೀರಾತಿನ ಕರೆ ಬೇಡ ಅನ್ನುವವರ ಪಟ್ಟಿಯಲ್ಲಿ, ಇದ್ದರೂ ಫೋನ್ ಮಾಡಬಹುದು. ಇಷ್ಟಕ್ಕೂ ಸೇರಿ ಒಂದೇ ಓಟಿಪಿ.

ಓಟಿಪಿ ಅಂದರೆ ನಾನು ನಾನೇ ಅಂತ ತೋರಿಸುವುದು ಅಂದುಕೊಂಡಿದ್ದೆ. ಅದು ನನ್ನ ಸಹಿ. ಓದದೇ ಇರುವ ಕಾಗದಕ್ಕೆ ಹಾಕಿದ ಸಹಿ. ಬೇರೆಯವರ ಅರ್ಜಿಯಲ್ಲಿ ಒಂದು ಕಾಲಂ ಬಿಟ್ಟಿದ್ದರೂ ವಾಪಸ್ ಕೊಡುವವಳು ನಾನು. ನಾನೇ ಓದಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಹೊಟ್ಟೆ ಉರಿ ಕಡಿಮೆಯಾಗುತ್ತಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆ ಹಿಂದಿ, ಇಂಗ್ಲಿಷ್. ಆಮೇಲೆ ಕನ್ನಡದ ಒಬ್ಬಳು ಹುಡುಗಿ ಸಿಕ್ಕಳು.

‘ಮೇಡಂ, ಓಟಿಪಿ ಹಾಕಿದ್ದು ನೀವೇ ಅಲ್ವಾ?’

‘ಹೌದು, ಸ್ಕೋರ್ ನೋಡೋಕೆ.’

‘ಹಾಗಾದ್ರೆ ಒಪ್ಪಿಗೆ ಕೊಟ್ಟಿದ್ದೀರಿ ಮೇಡಂ.’

‘ನಮ್ಮ ಮಾವನವರು ಕೊಟ್ಟಿಲ್ಲವಲ್ಲ? ಅವರಿಗೆ ಯಾಕೆ ಫೋನ್ ಹೋಯ್ತು?’

‘ಅದು ನಮ್ಮಿಂದ ಹೋಗಿಲ್ಲ ಮೇಡಂ, ಪಾರ್ಟ್ನರ್ ಕಡೆಯಿಂದ ಹೋಗಿರುತ್ತೆ.’

‘ಯಾವ ಪಾರ್ಟ್ನರ್?’

‘ಅದನ್ನು ಹೇಳೋಕೆ ಬರಲ್ಲ ಮೇಡಂ, ಪ್ರೈವೆಸಿ ಪಾಲಿಸಿ ಇದೆ.’

ಪ್ರೈವೆಸಿ ಪಾಲಿಸಿ ಅಂತೆ! ಸರಿ, ನನ್ನದೆಲ್ಲ ಅಳಿಸಿಬಿಡಿ ಅಂದೆ. ಅದಕ್ಕೆ ಮೇಲ್ ಮಾಡಬೇಕಂತೆ. ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಕೋರಿಕೆ ನಿಮ್ಮದೇ ಅಂತ ಖಚಿತವಾಗಬೇಕು, ಹಾಗಾಗಿ ಆಧಾರ್ ಎರಡೂ ಬದಿಯ ಫೋಟೋ, ಪ್ಯಾನ್ ಫೋಟೋ, ಪ್ಯಾನನ್ನು ಮುಖದ ಪಕ್ಕ ಹಿಡಿದುಕೊಂಡ ಸೆಲ್ಫಿ ಕಳಿಸಿ.

ನೋಡಿ ಹೇಗಿದೆ. ತೆಗೆದುಕೊಳ್ಳೋಕೆ ಆರು ಅಂಕಿಯ ಓಟಿಪಿ ಸಾಕು. ಬಿಟ್ಟುಬಿಡಿ ಅಂದರೆ ಆಧಾರ್ ಬೇಕು, ಮುಖ ಬೇಕು. ಅವರ ಹತ್ತಿರ ಇಲ್ಲದೇ ಇದ್ದಿದ್ದೇ ಆಧಾರ್ ಮತ್ತು ಮುಖ.

ಇಷ್ಟಕ್ಕೇ ಮುಗಿಯಲಿಲ್ಲ. ಬ್ಯಾಂಕಿಗೆ ಹೋದಾಗ ಆಫೀಸರ್ ಕಂಪ್ಯೂಟರ್ ನೋಡುತ್ತಾ ಕೇಳಿದರು, ‘ಮೇಡಂ, ಒಂದೇ ವಾರದಲ್ಲಿ ಮೂರು ಕಡೆ ಪರ್ಸನಲ್ ಲೋನ್ ಕೇಳಿದ್ದೀರಲ್ಲ, ಏನಾದ್ರೂ ತೊಂದ್ರೆ ಇದೆಯಾ?’ ನಾನು ಎಲ್ಲೂ ಕೇಳಿಲ್ಲ! ನಮ್ಮ ಸ್ಕೋರ್ ನಾವೇ ನೋಡಿಕೊಂಡರೆ ಏನೂ ಆಗುವುದಿಲ್ಲ. ಸಾಲ ಕೊಡುವವರು ನೋಡಿದರೆ ಅದು ಎನ್‌ಕ್ವೈರಿ ಅಂತ ರಿಪೋರ್ಟಿನಲ್ಲಿ ಉಳಿಯುತ್ತದೆ, ಒಟ್ಟೊಟ್ಟಿಗೆ ಬಂದರೆ ಸ್ಕೋರ್ ಇಳಿಯಬಹುದು. ಹಿಂದಿನ ಕುರ್ಚಿಯಲ್ಲಿ ನಮ್ಮ ಬೀದಿಯವರೇ ಒಬ್ಬರು ಪಾಸ್‌ಬುಕ್ ಹಿಡಿದು ಕೂತಿದ್ದರು. ಕೇಳಿಸಿಕೊಂಡಿರಬೇಕು. ರಿಪೋರ್ಟ್ ಯಾರಾದರೂ ತೆಗೆದರೆ ನಮಗೆ ಮೆಸೇಜ್ ಅಥವಾ ಮೇಲ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಇದೆ. ನನಗೂ ಬಂದಿತ್ತು. ಲೋನ್ ಮೆಸೇಜುಗಳ ರಾಶಿಯಲ್ಲಿ ನೋಡಿರಲಿಲ್ಲ.

ನಮ್ಮ ಶಾಲೆಯ ಸಮಾಜದ ಮೇಷ್ಟ್ರಿಗೆ ಹೇಳಿದಾಗ ಅವರು ಪುಟ್ಟಸ್ವಾಮಿ ಕೇಸ್ ನೆನಪಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ನಮ್ಮ ರಾಜ್ಯದವರೇ ಹಾಕಿದ ಕೇಸದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಟ್ಟಾಗಿ ಹೇಳಿದರು. ಆ ಹಕ್ಕನ್ನು ನಾನು ಊಟ ಆದ ಮೇಲೆ ಎರಡು ನಿಮಿಷದಲ್ಲಿ ಕೊಟ್ಟು ಕೂತಿದ್ದೆ.

ಸ್ಕೋರ್ ನೋಡಲೇಬೇಕಾದವರು ಇದನ್ನು ಮಾಡಿ. ನಮ್ಮ ದೇಶದಲ್ಲಿ ಇದಕ್ಕಿರುವ ಕಂಪನಿ ನಾಲ್ಕೇ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಬಿಟ್ಟಿಯಾಗಿ ಕೊಡಲೇಬೇಕು, 2017ರಿಂದ ಇರುವ ನಿಯಮ. ಜಾಹೀರಾತು ಒತ್ತದೆ ಅವರ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಅಲ್ಲೂ ಪ್ಯಾನ್, ಓಟಿಪಿ ಕೇಳುತ್ತಾರೆ, ಅಲ್ಲೂ ಟಿಕ್ ಹಾಕುವ ಮುಂಚೆ ಓದಿ. ನೀವು ಕೇಳದ ಎನ್‌ಕ್ವೈರಿ ಕಂಡರೆ ಅಲ್ಲೇ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ನಿಯಮವಿದೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಹತ್ತಿರವೂ ಹೋಗಬಹುದು. ನನ್ನ ಹೆಸರಲ್ಲಿದ್ದ ಆ ಮೂರು ಎನ್‌ಕ್ವೈರಿಗಳ ಮೇಲೂ ದೂರು ಹಾಕಿದ್ದೇನೆ. ಎಲ್ಲಾದರೂ ಆಧಾರ್ ಕೊಡಲೇಬೇಕಾಗಿ ಬಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ನಿಮ್ಮ ಹಳೇ ಸಾಲದ ಫಾರಂನಲ್ಲಿ ಯಾರ ನಂಬರ್ ಬರೆದಿದ್ದಿರಿ ಅಂತಲೂ ಒಮ್ಮೆ ನೋಡಿಕೊಳ್ಳಿ.

ಮಾವನವರಿಗೆ ಎಲ್ಲ ಹೇಳಿದೆ, ತಮ್ಮನ ವಿಷಯವೂ. ‘ಆಗಲೇ ಹೇಳಿದ್ರೆ ಅಡಿಕೆ ದುಡ್ಡಲ್ಲಿ ಕೊಡ್ತಿದ್ನಲ್ಲಮ್ಮ’ ಅಂದರು. ಅವರ ಫೋನಿಗೆ ಇವತ್ತು ಬೆಳಿಗ್ಗೆಯೂ ಒಂದು ಕರೆ ಬಂದಿದೆ.

ಆ ಆ್ಯಪಿನವರಿಂದ ನಿನ್ನೆ ಮತ್ತೆ ಮೇಲ್ ಬಂತು. ಕೇಳಿದ ದಾಖಲೆ ಮತ್ತು ಸೆಲ್ಫಿ 7 ದಿನದಲ್ಲಿ ಬರದಿದ್ದರೆ ನಿಮ್ಮ ಕೋರಿಕೆಯನ್ನು ಮುಚ್ಚಲಾಗುವುದು ಅಂತ. ನಾನು ಕಳಿಸಿಲ್ಲ. ಕಳಿಸುವುದೂ ಇಲ್ಲ.