ಮೂತ್ರ ಸೋರಿಕೆಗೆ ಫಿಸಿಯೋ: ನೇರ ಭೇಟಿಯೋ, ವಿಡಿಯೋ ಕಾಲೋ?

ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ಪೆರ್ಲದಿಂದ ಬಸ್ಸು ಹಿಡಿದು ಮಂಗಳೂರಿಗೆ ಹೋಗಬೇಕೇ, ಫೋನಲ್ಲೇ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡಿದರೆ ಸಾಕೇ?

ಮೊದಲ ಸಲ ನೇರ ಹೋಗುವುದೇ ಒಳ್ಳೆಯದು. ಫಿಸಿಯೋಥೆರಪಿಸ್ಟ್ ಕಲಿಸುವುದು ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ. ಸರಿಯಾದ ಸ್ನಾಯು ಬಿಗಿಯಾಗುತ್ತಿದೆಯೋ ಇಲ್ಲವೋ ಎಂದು ಅವರು ಮುಟ್ಟಿ ನೋಡಿ ಹೇಳಬಲ್ಲರು. ಎಷ್ಟೋ ಜನ ಸುಮ್ನೆ ಹೊಟ್ಟೆ, ತೊಡೆ ಬಿಗಿ ಹಿಡಿದು ಉಸಿರು ಕಟ್ಟುತ್ತಾರೆ. ಕೆಲವರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಾರೆ. ವಿಡಿಯೋದಲ್ಲಿ ಇದು ಕಾಣುವುದಿಲ್ಲ, ಅಲ್ವಾ?

ಆಮೇಲೆ ವಿಡಿಯೋ ಸಾಕು. ವ್ಯಾಯಾಮ ಕನಿಷ್ಠ 3 ತಿಂಗಳು ಬೇಕು: ದಿನಕ್ಕೆ 3 ಹೊತ್ತು, ಪ್ರತಿ ಹೊತ್ತು 8 ಸಲವಾದರೂ. ಅಷ್ಟಕ್ಕೆಲ್ಲ ಬಸ್ಸು ಹತ್ತಿದರೆ ಯಾರೂ ಮುಂದುವರಿಸುವುದಿಲ್ಲ. ಆದರೆ ಅತ್ತೆ, ಮಕ್ಕಳು ಓಡಾಡುವ ಜಗಲಿಯಲ್ಲಿ ಈ ಮಾತು ಆಡಲಾಗದು. ಬಾಗಿಲು ಹಾಕುವ ಕೋಣೆ ಬೇಕು. ನೆಟ್‌ವರ್ಕೂ!

ಮೂತ್ರದಲ್ಲಿ ರಕ್ತ ಕಂಡರೆ ಎರಡೂ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ.