ಮನೆಯಿಂದ ಆಚೆ ಕಟ್ಟಡಕ್ಕೆ ನೆಟ್‌ವರ್ಕ್: ಲ್ಯಾನ್ ವೈರ್, ವೈಫೈ, ಫೈಬರ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೈಬರ್‌ಗೆ. ಮನೆ ಒಂದು ಕಡೆ, ಆಫೀಸೋ ಗೋಡೌನೋ ಇನ್ನೊಂದು ಕಡೆ, ನಡುವೆ ಬಯಲು. ನಿಮ್ಮದೂ ಹೀಗೇ ಇದ್ದರೆ, ಅದರಲ್ಲೂ ಕರಾವಳಿಯವರೋ ಮಲೆನಾಡಿನವರೋ ಆಗಿದ್ದರೆ, ಬೇರೆಯದಕ್ಕೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ.

ನಮ್ಮದು ಪುತ್ತೂರಿನ ಹತ್ತಿರ ತೋಟದ ಮನೆ. ಇಂಟರ್‌ನೆಟ್ ಬರುವುದು ಮನೆಗೆ. ನಾನು ಕೆಲಸ ಮಾಡುವುದು ಅಂಗಳದಾಚೆ, ಒಂದೆರಡು ಸಾಲು ಅಡಿಕೆ ಮರ ದಾಟಿದರೆ ಸಿಗುವ ಹಳೆಯ ಕೊಟ್ಟಿಗೆಯಲ್ಲಿ. ಅದನ್ನೇ ರಿಪೇರಿ ಮಾಡಿಸಿ ಆಫೀಸು ಮಾಡಿಕೊಂಡಿದ್ದೇನೆ. ದೂರ ಸುಮಾರು 60 ಮೀಟರ್. ಪುಸ್ತಕ, ಆಮಂತ್ರಣ ಪತ್ರಿಕೆಗಳ ಪುಟ ವಿನ್ಯಾಸ ನನ್ನ ಕಸುಬು. ಫೈಲುಗಳು ಭಾರೀ ದೊಡ್ಡವು. ಸಂಜೆ ಅವೆಲ್ಲ ಮನೆಯ ಕಂಪ್ಯೂಟರಿಗೆ ಬ್ಯಾಕಪ್ ಆಗಬೇಕು. ಪ್ರಿಂಟರ್ ಆಫೀಸಿನಲ್ಲಿದೆ, ಮನೆಯಿಂದಲೂ ಪ್ರಿಂಟ್ ಕೊಡುವ ಹಾಗಿರಬೇಕು. ಹಾಗಾಗಿ ಆಫೀಸಿಗೆ ಬರೀ ಇಂಟರ್‌ನೆಟ್ ಬಂದರೆ ಸಾಲದು, ಎರಡೂ ಕಟ್ಟಡ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು.

ಮೊದಲು ಹಾಕಿಸಿದ್ದು ಕ್ಯಾಟ್ 6 ಲ್ಯಾನ್ ವೈರ್, ಹೊರಗೆ ಬಳಸುವ ದಪ್ಪ ಕಪ್ಪು ಹೊದಿಕೆಯದ್ದು. ಲ್ಯಾನ್ ವೈರ್ 100 ಮೀಟರ್‌ವರೆಗೆ ಓಡುತ್ತದೆ, ನಮ್ಮ ದೂರ ಅದರೊಳಗೇ ಇತ್ತು. ಚಳಿಗಾಲವಿಡೀ ಒಂದು ತಕರಾರೂ ಇಲ್ಲ. ಪೂರ್ತಿ ಗಿಗಾಬಿಟ್ ವೇಗ, ಊಟ ಮುಗಿಸುವುದರೊಳಗೆ ಬ್ಯಾಕಪ್ ಮುಗಿದಿರುತ್ತಿತ್ತು.

ಆಮೇಲೆ ಪತ್ತನಾಜೆಗೆ (ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ದಿನ) ಮುಂಚಿನ ಗುಡುಗುಮಳೆ ಶುರುವಾಯಿತು. ಒಂದು ಸಂಜೆ ಎಲ್ಲೋ ಗುಡ್ಡದ ಆಚೆ ಸಿಡಿಲು ಹೊಡೆಯಿತು. ನಮ್ಮ ಮರಕ್ಕಾಗಲಿ ಮನೆಗಾಗಲಿ ಏನೂ ಆಗಲಿಲ್ಲ, ಒಂದು ಬಲ್ಬು ಕೂಡ ಹೋಗಲಿಲ್ಲ. ಆದರೆ ಮನೆಯ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ವೈರುಗಳನ್ನು ಕೂಡಿಸುವ ಪೆಟ್ಟಿಗೆ) ಸತ್ತಿತ್ತು. ಆಫೀಸಿನ ಕಂಪ್ಯೂಟರಿನ ಲ್ಯಾನ್ ಪೋರ್ಟೂ ಸತ್ತಿತ್ತು. ಗುಡುಗು ಶುರುವಾದ ಕೂಡಲೇ ಮನೆಯವರು ಎಲ್ಲ ಪ್ಲಗ್ಗುಗಳನ್ನು ಕಿತ್ತಿದ್ದರು. ನಮ್ಮ ಕಡೆ ಅದು ಚಿಕ್ಕ ಮಕ್ಕಳಿಗೂ ಅಭ್ಯಾಸ. ಆದರೂ ಎರಡು ಕಟ್ಟಡಗಳ ನಡುವಿನ ಲ್ಯಾನ್ ವೈರ್ ಚುಚ್ಚಿಕೊಂಡೇ ಇತ್ತು. ಹೊಡೆತ ಬಂದದ್ದು ಕರೆಂಟಿನ ವೈರಿನಲ್ಲಲ್ಲ, ಅದರಲ್ಲಿ.

ಸಿಡಿಲು ನೇರ ಬೀಳಬೇಕೆಂದೇನೂ ಇಲ್ಲ. ಹತ್ತಿರದಲ್ಲೆಲ್ಲೋ ಹೊಡೆದರೂ ಬಯಲಲ್ಲಿ ಉದ್ದಕ್ಕೆ ಎಳೆದ ತಾಮ್ರದ ತಂತಿಯಲ್ಲಿ ಒಂದು ಕ್ಷಣ ಜೋರು ವೋಲ್ಟೇಜ್ ಹುಟ್ಟುತ್ತದೆ. ಜೊತೆಗೆ ಎರಡು ಕಟ್ಟಡಗಳಿಗೂ ಬೇರೆ ಬೇರೆ ಅರ್ತಿಂಗ್. ಸಿಡಿಲು ನೆಲಕ್ಕೆ ಇಳಿಯುವಾಗ ಆ ಎರಡರ ನಡುವೆಯೂ ವೋಲ್ಟೇಜ್ ವ್ಯತ್ಯಾಸ ಬರುತ್ತದೆ, ಅದು ಹರಿಯಲು ದಾರಿ ನಮ್ಮ ಲ್ಯಾನ್ ವೈರ್. ಪೋರ್ಟಿನೊಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, 1500 ವೋಲ್ಟ್ ತಡೆಯುವ ಲೆಕ್ಕದಲ್ಲಿ ಮಾಡಿದ್ದು. ಸಿಡಿಲಿನ ಮುಂದೆ ಅದು ಏನೂ ಅಲ್ಲ.

ಜೋರು ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿ ಅಂದರು, ಹಾಕಿಸಿದೆ. ಎರಡೂ ತುದಿಗೆ ಒಂದೊಂದು. ಆದರೆ ಅದು ಕೆಲಸ ಮಾಡಬೇಕಾದರೆ ಅರ್ತಿಂಗ್ ಗಟ್ಟಿಯಾಗಿರಬೇಕು. ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ, ಅರ್ತ್ ಗುಂಡಿಗೆ ಕೊಡಗಟ್ಟಲೆ ನೀರು ಹಾಕಿದರೂ ಸಾಲುವುದಿಲ್ಲ. ಸಿಡಿಲು ಜಾಸ್ತಿ ಇರುವುದೂ ಅದೇ ಸಮಯದಲ್ಲಿ. ಅಕ್ಟೋಬರ್ ಮಳೆಯಲ್ಲಿ ಹೊಸ ಸ್ವಿಚ್ಚೂ ಹೋಯಿತು. ಮೋಡ ಕಂಡಾಗಲೆಲ್ಲ ಆಫೀಸಿಗೆ ಓಡಿ ವೈರ್ ಕೀಳುವುದು ನನ್ನಿಂದಾಗದು. ಪೇಟೆಗೆ ಹೋಗಿದ್ದಾಗ ಮಳೆ ಬಂದರೆ ಏನು ಮಾಡುವುದು, ಅಲ್ವಾ?

ವೈಫೈ ಕಡೆ ತಿರುಗಿದ್ದು ಆಮೇಲೆ. ಸಿಗ್ನಲ್ ಹಿಡಿದು ಮತ್ತೆ ಹರಡುವ ಎಕ್ಸ್‌ಟೆಂಡರ್ ಬಗ್ಗೆ ಒಂದೇ ಮಾತು: ಬೇಡ.

ಮೆಶ್ ಜೋಡಿ, ಅಂದರೆ ಒಂದಕ್ಕೊಂದು ವೈಫೈಯಲ್ಲೇ ಮಾತಾಡಿಕೊಳ್ಳುವ ಎರಡು ಪೆಟ್ಟಿಗೆ, ಅದಕ್ಕಿಂತ ಎಷ್ಟೋ ವಾಸಿ. ಒಂದನ್ನು ಮನೆಯ ಕಿಟಕಿಯಲ್ಲಿ, ಇನ್ನೊಂದನ್ನು ಆಫೀಸಿನ ಕಿಟಕಿಯಲ್ಲಿ ಇಟ್ಟೆ. ವಾಟ್ಸಾಪ್, ಇಮೇಲ್, ಫೋನಿಗೆ ಸಾಕು. ಆದರೆ ನಾನು ತಂದ ಎರಡು ಬ್ಯಾಂಡಿನ ಮೆಶ್‌ನಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೂ, ಪೆಟ್ಟಿಗೆಯಿಂದ ಕಂಪ್ಯೂಟರಿಗೂ ಒಂದೇ ಸಿಗ್ನಲ್ ಹಂಚಿಕೆಯಾಗಬೇಕು, ವೇಗ ಅಲ್ಲೇ ಅರ್ಧಕ್ಕೆ ಇಳಿಯುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆ, ಅಡಿಕೆ ಮರ ಸೇರಿ ಉಳಿದದ್ದನ್ನೂ ತಿನ್ನುತ್ತವೆ. ಬ್ಯಾಕಪ್ ಬೆಳಗಾದರೂ ಮುಗಿಯುತ್ತಿರಲಿಲ್ಲ.

ಇನ್ನೊಂದು ದಾರಿ 5 ಗಿಗಾಹರ್ಟ್ಜ್ ಆಂಟೆನಾ ಜೋಡಿ. ಎರಡೂ ಕಟ್ಟಡಗಳ ಮಾಡಿನ (ಛಾವಣಿಯ) ಮೇಲೆ ಎದುರುಬದುರು ಕೂರಿಸುವಂಥದ್ದು. ಪರಿಚಯದವರೊಬ್ಬರಿಂದ ತಂದು ಹಾಕಿ ನೋಡಿದೆ. ಬಿಸಿಲು ಇರುವಾಗ ಚೆನ್ನಾಗಿ ಓಡಿತು. ಮಳೆಯಲ್ಲಿ ಅಡಿಕೆ ಸೋಗೆಗಳು ನೆನೆದು ತೂಗುವಾಗ ವೇಗ ಕುಸಿಯಿತು. ಈ ಆಂಟೆನಾಗಳಿಗೆ ನಡುವೆ ಏನೂ ಅಡ್ಡ ಇರಬಾರದು. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ: ಮಾಡಿನ ಮೇಲಿನ ಆಂಟೆನಾದಿಂದ ಕೋಣೆಗೆ ಇಳಿಯುವುದು ಮತ್ತೆ ಲ್ಯಾನ್ ವೈರೇ. ಸಿಡಿಲಿನ ಭಯ ಅಲ್ಲಿಗೇ ಬಂತು. ಗದ್ದೆ ಬಯಲಿನಾಚೆ, ಕಣಿವೆಯಾಚೆ, ಒಂದೆರಡು ಕಿಲೋಮೀಟರ್ ದೂರದಲ್ಲಿ ನೇರ ಕಾಣುವ ಜಾಗವಿದ್ದರೆ ಮಾತ್ರ ಇದೇ ಸರಿ.

ಈಗ ಫೈಬರ್. ಅದು ಗಾಜಿನ ಎಳೆ, ಅದರಲ್ಲಿ ಸಾಗುವುದು ಬೆಳಕು, ಕರೆಂಟು ಹರಿಯುವುದಿಲ್ಲ. ನನಗೆ ಇದೊಂದೇ ಗುಣ ಸಾಕಿತ್ತು. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಲ್ಯಾನ್ ಸಿಗ್ನಲನ್ನು ಬೆಳಕಿಗೂ ಬೆಳಕನ್ನು ಲ್ಯಾನ್ ಸಿಗ್ನಲಿಗೂ ಬದಲಿಸುವ ಪೆಟ್ಟಿಗೆ. ಒಂದು ಕಡೆ ಫೈಬರ್ ಚುಚ್ಚಿ, ಇನ್ನೊಂದು ಕಡೆ ಗಿಡ್ಡ ಲ್ಯಾನ್ ವೈರ್ ಚುಚ್ಚಿದರೆ ಮುಗಿಯಿತು. ಸೆಟ್ಟಿಂಗ್ ಏನೂ ಇಲ್ಲ.

ಕೊಳ್ಳುವಾಗ ಮೂರು ಸಂಗತಿ ನೋಡಿಕೊಳ್ಳಿ. ಒಂದೇ ಎಳೆಯಲ್ಲಿ ಓಡುವ ಕನ್ವರ್ಟರ್ ಜೋಡಿಯಾಗಿಯೇ ಬರಬೇಕು, ಒಂದು ಎ, ಒಂದು ಬಿ. ಒಂದು 1310 ನ್ಯಾನೋಮೀಟರ್ ಬೆಳಕು ಕಳಿಸಿ 1550 ಪಡೆಯುತ್ತದೆ, ಇನ್ನೊಂದು ಅದರ ತಿರುಗಾ. ಎರಡೂ ಎ ಆದರೆ ಲಿಂಕ್ ದೀಪ ಹತ್ತುವುದೇ ಇಲ್ಲ. ಮೇಲೆ 10/100/1000 ಎಂದಿರಲಿ. 10/100 ಅಂತ ಮಾತ್ರ ಇದ್ದರೆ ಅಗ್ಗ, ಆದರೆ ವೇಗ 100 ಎಂಬಿಪಿಎಸ್‌ಗೇ, ಅಂದರೆ ಗಿಗಾಬಿಟ್‌ನ ಹತ್ತನೇ ಒಂದಕ್ಕೇ, ನಿಲ್ಲುತ್ತದೆ. ಇನ್ನು ತುದಿಯ ಬಣ್ಣ. ಮೀಡಿಯಾ ಕನ್ವರ್ಟರ್‌ಗೆ ಸಾಮಾನ್ಯವಾಗಿ ಬೇಕಾದ್ದು ನೀಲಿ ತುದಿ. ಇಂಟರ್‌ನೆಟ್ ಕೊಡುವವರ ಹತ್ತಿರ ಹಸಿರು ಜಾಸ್ತಿ ಇರುತ್ತದೆ, ಅಭ್ಯಾಸಬಲದಿಂದ ಅದನ್ನೇ ಹಾಕಿಬಿಡುತ್ತಾರೆ. ಹಸಿರು ತುದಿಯ ಮುಖ 8 ಡಿಗ್ರಿ ಓರೆ, ನೀಲಿಯದ್ದು ನೇರ. ಎರಡೂ ಕೂಡಿದರೆ ಬೆಳಕು ಸೋರುತ್ತದೆ.

ಜಾಯಿಂಟ್ ಮಾಡುವುದು ಹೇಗೆ ಎಂಬ ಚಿಂತೆ ಬೇಡ. ಕೇಬಲ್ ಟಿವಿಯವರ ಹತ್ತಿರ ಈಗ ಫೈಬರ್ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ. ನಮ್ಮೂರಿನ ಹುಡುಗ ಬಂದು, ಚಹಾ ಆರುವುದರೊಳಗೆ ಎರಡೂ ತುದಿ ಕೂಡಿಸಿದ. ಫೈಬರ್ ಕೇಬಲ್ ಕೊಳ್ಳುವಾಗ ಉಕ್ಕಿನ ತಂತಿ ಇಲ್ಲದ್ದು ಕೇಳಿ. ಕಂಬದಿಂದ ಕಂಬಕ್ಕೆ ಎಳೆಯುವ ಡ್ರಾಪ್ ಕೇಬಲ್‌ನಲ್ಲಿ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ಕೋಣೆಯೊಳಗೆ ತಂದರೆ ಸಿಡಿಲಿಗೆ ಮತ್ತೆ ಬಾಗಿಲು ತೆರೆದಂತೆ. ಅದೇ ಸಿಕ್ಕಿದರೆ ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿ.

ನಾನು ಮೇಲಿಂದ ಎಳೆಯಲಿಲ್ಲ. ತೋಟದಲ್ಲಿ ಸೋಗೆ ಬಿದ್ದರೆ ಯಾವ ಕೇಬಲ್ಲೂ ಉಳಿಯುವುದಿಲ್ಲ. ನೀರು ಬಿಡುವ ಕಪ್ಪು ಪೈಪು ಮಿಕ್ಕಿತ್ತು, ಅದರೊಳಗೆ ತೂರಿಸಿ ಒಂದಡಿ ಆಳದಲ್ಲಿ ಹೂಳಿಸಿದೆ. ಇಲಿ, ಹೆಗ್ಗಣದ ಕಾಟಕ್ಕೂ ಅದೇ ರಕ್ಷೆ. ತಿರುವುಗಳಲ್ಲಿ ಪೈಪನ್ನು ದೊಡ್ಡದಾಗಿ ಬಾಗಿಸಿ. ಫೈಬರ್ ಮಡಚಿದರೆ ಮುರಿಯುತ್ತದೆ. ಚುಚ್ಚದೆ ಬಿಟ್ಟ ತುದಿಗೆ ಯಾವತ್ತೂ ಕಣ್ಣಿಟ್ಟು ನೋಡಬೇಡಿ, ಆ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಆಫೀಸಿನಲ್ಲಿ ಕನ್ವರ್ಟರ್‌ನಿಂದ 5 ಪೋರ್ಟಿನ ಸ್ವಿಚ್, ಅದರಿಂದ ಕಂಪ್ಯೂಟರ್, ಪ್ರಿಂಟರ್, ಮತ್ತೆ ಒಂದು ಹಳೆಯ ರೂಟರ್. ಆ ರೂಟರನ್ನು ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಇಡಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನದ ಗುರುತು ಸಂಖ್ಯೆ) ಹಂಚುವ ಕೆಲಸ ಮನೆಯ ರೂಟರ್ ಒಂದೇ ಮಾಡಲಿ. ಇಲ್ಲದಿದ್ದರೆ ಆಫೀಸಿನ ವೈಫೈ ಬೇರೆಯೇ ನೆಟ್‌ವರ್ಕ್ ಆಗಿ, ಅದಕ್ಕೆ ಸೇರಿದ ಸಾಧನಗಳು ಮನೆಯಿಂದ ಕಾಣದೆ ಹೋಗಬಹುದು.

ಖರ್ಚಿನ ಲೆಕ್ಕ. ನನಗೆ ಕನ್ವರ್ಟರ್ ಜೋಡಿ, ಕೇಬಲ್, ಜಾಯಿಂಟ್ ಕೂಲಿ ಎಲ್ಲ ಸೇರಿ ಸುಮಾರು 4,000 ರೂಪಾಯಿ ಆಯಿತು. ಗುಂಡಿ ತೋಡಿದ ಕೂಲಿ ಬೇರೆ. ಮೆಶ್ ಜೋಡಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆ. ಲ್ಯಾನ್ ವೈರ್ ಹಾಕಿಸುವಾಗ ಅಗ್ಗ ಅನ್ನಿಸಿತ್ತು, ಸತ್ತ ಸ್ವಿಚ್ಚುಗಳನ್ನೂ ಪ್ರೊಟೆಕ್ಟರುಗಳನ್ನೂ ಸೇರಿಸಿದರೆ ಅದೇ ಎಲ್ಲಕ್ಕಿಂತ ದುಬಾರಿ. ಫೈಬರಿನ ತೊಂದರೆ ಒಂದೇ, ಎರಡೂ ತುದಿಗೆ ಕರೆಂಟು ಬೇಕು. ಕರೆಂಟು ಹೋದಾಗ ಓಡಬೇಕೆಂದರೆ ಎರಡೂ ಕನ್ವರ್ಟರ್ ಇನ್ವರ್ಟರ್ ಲೈನಿನಲ್ಲಿರಲಿ.

ಒಂದೇ ಮಾಡಿನ ಕೆಳಗೆ, ಕೋಣೆಯಿಂದ ಕೋಣೆಗೆ ಆದರೆ ಈಗಲೂ ಕ್ಯಾಟ್ 6 ವೈರನ್ನೇ ಹಾಕಿ, ಫೈಬರ್ ಬೇಡ. ಬರೀ ಫೋನು ನೋಡುವವರಿಗೆ ಮೆಶ್ ಸಾಕು. ನನ್ನ ಹಾಗೆ ದಿನವೂ ಫೈಲು ಸಾಗಿಸುವವರು, ಗುಡುಗಿನ ಊರಿನವರು ಫೈಬರ್ ಹಾಕಿಸಿ. ಹೂಳುವಾಗ ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನೂ ಬಿಡಿ. ಮುಂದೆ ಇನ್ನೊಂದು ಎಳೆ ಬೇಕಾದರೆ ಮತ್ತೆ ತೋಡುವ ಕೆಲಸ ಇರುವುದಿಲ್ಲ.